ಗೆಳೆಯನಿಲ್ಲದ ಮನೆಗೆ ಹೋಗುವ ದಾರಿ

ವಯಸ್ಸಾದವರು ತೀರಿಕೊಂಡ ಮನೆಗೆ ಹೋದಾಗ ಆಡಬೇಕಾದ ಮಾತುಗಳು ನಮ್ಮೆಲ್ಲರ ಬಳಿಯೂ ಸಿದ್ಧವಾಗಿರುತ್ತವೆ. ತುಂಬು ಬಾಳು ಬಾಳಿದರು, ಮೊಮ್ಮಕ್ಕಳ ಮುಖ ಕಂಡರು, ಹೆಚ್ಚು ನರಳದೆ ಹೋದರು ಎನ್ನುತ್ತೇವೆ. ಕೇಳಿದವರಿಗೂ ಅದರಿಂದ ಅಷ್ಟಿಷ್ಟು ಸಮಾಧಾನವಾಗುತ್ತದೆ. ಆದರೆ ಇಪ್ಪತ್ತು, ಇಪ್ಪತ್ತೈದರ ಹರೆಯದ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯ ಹೊಸ್ತಿಲು ದಾಟುವಾಗ ಈ ಮಾತುಗಳಲ್ಲಿ ಒಂದೂ ನೆರವಿಗೆ ಬರುವುದಿಲ್ಲ. ಮಾತು ಸಿಗದಿದ್ದಾಗ ಮನುಷ್ಯ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ. ಒಂದೋ, ದೈವಸಂಕಲ್ಪದ ವಿವರಣೆಗೆ ತೊಡಗುತ್ತಾನೆ. ಇಲ್ಲವೇ, ಆ ಮನೆಯ ಕಡೆ ಹೋಗುವುದನ್ನೇ ಮೆಲ್ಲಮೆಲ್ಲನೆ ಬಿಟ್ಟುಬಿಡುತ್ತಾನೆ. ಎರಡೂ ನೊಂದವರನ್ನು ಒಂಟಿಯಾಗಿಸುತ್ತವೆ.

ಮನೆಯ ಗೆಳೆಯರಾದವರಿಗೆ ಇವೆರಡೂ ಅಲ್ಲದ ಮೂರನೆಯ ದಾರಿಯೊಂದು ಇದೆ. ಕ್ರೈಸ್ತ ವಿಶ್ವಾಸ ಆ ದಾರಿಯನ್ನು ಬಹಳ ಸ್ಪಷ್ಟವಾಗಿ ತೋರಿಸಿದೆ. ನಮ್ಮ ನೀಲಗಿರಿಯ ಮಣ್ಣಿನಲ್ಲಿ ನಡೆದುಹೋದವರು ಕೆಲವರು ಅದನ್ನು ಹಿಡಿದೂ ಇದ್ದಾರೆ. ಗಡಿಯಾಚೆ ಇದ್ದು ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸುತ್ತಿರುವ ನಮ್ಮಂಥ ಕುಟುಂಬಗಳು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಆ ಕಥೆಗಳಲ್ಲೊಂದು ನಮ್ಮ ಭಾಷೆಯ ಕಥೆಯೂ ಹೌದು.

ಹೆಸರು ಹೇಳದ ಮೌನ

ಮಸಿನಗುಡಿಯ ಕಡೆಯ ಒಂದು ಕುಟುಂಬಕ್ಕೂ ನಮ್ಮ ಮನೆಗೂ ಎರಡು ತಲೆಮಾರಿನ ಒಡನಾಟ. ಅವರ ಹಿರಿಯ ಮಗ ನಮ್ಮ ಮಕ್ಕಳಿಗೆ ಸ್ವಂತ ಅಣ್ಣನಂತಿದ್ದ. ಪ್ರತಿ ಡಿಸೆಂಬರಿನಲ್ಲಿ ನಮ್ಮ ಮನೆಯ ಮುಂದೆ ಕ್ರಿಸ್‌ಮಸ್ ನಕ್ಷತ್ರ ಕಟ್ಟುವುದು ಅವನ ಕೆಲಸ. ಕಲ್ಲಟ್ಟಿ ಘಟ್ಟದ ಮೂವತ್ತಾರು ತಿರುವುಗಳನ್ನು ಹತ್ತಿ ಉದಕಮಂಡಲಕ್ಕೆ ಬಂದು, ಏಣಿ ಹಾಕಿ, ತಂತಿ ಎಳೆದು, ದೀಪ ಹೊತ್ತಿದ ಮೇಲೆಯೇ ಅವನು ಚಹಾ ಕುಡಿಯುತ್ತಿದ್ದುದು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ರಸ್ತೆ ಅಪಘಾತವೊಂದರಲ್ಲಿ ಅವನು ತೀರಿಕೊಂಡ.

ಶವಸಂಸ್ಕಾರಕ್ಕೆ ಊರಿಗೆ ಊರೇ ಸೇರಿತ್ತು. ಸಭಾಪಾಲಕರು ಪುನರುತ್ಥಾನದ ನಿರೀಕ್ಷೆಯ ಕುರಿತು ಓದಿದರು, ಹಾಡಿದರು, ಮಣ್ಣು ಹಾಕಿದರು. ಮೊದಲ ಕೆಲವು ವಾರ ಆ ಮನೆಯಲ್ಲಿ ಜನ ತುಂಬಿರುತ್ತಿದ್ದರು. ಆಮೇಲೆ ಬರುವವರು ಕಡಿಮೆಯಾದರು. ಬಂದವರೂ ಮಳೆ, ಚಹಾ ಎಲೆಯ ದರ, ಆನೆಯ ಕಾಟ, ಇವನ್ನೆಲ್ಲ ಮಾತನಾಡಿ ಎದ್ದುಹೋಗುತ್ತಿದ್ದರು. ಆರು ತಿಂಗಳು ಕಳೆದ ಮೇಲೆ ಒಂದು ದಿನ ಅವನ ತಾಯಿ ನನ್ನೊಡನೆ ಹೇಳಿದ ಮಾತು ಇದು: “ತಮ್ಮಾ, ಅವನ ಹೆಸರು ಕೇಳಿದರೆ ನನಗೆ ನೋವಾಗುತ್ತದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಯಾರೂ ಹೆಸರನ್ನೇ ಹೇಳದಿದ್ದರೆ ಅವನು ಹುಟ್ಟಿಯೇ ಇರಲಿಲ್ಲವೇನೋ ಅನ್ನಿಸುತ್ತದೆ.”

ನಾನು ವೃತ್ತಿಯಿಂದ ವಕೀಲ. ಆ ಕುಟುಂಬದ ಪರಿಹಾರದ ಅರ್ಜಿಯ ಕಾಗದಪತ್ರಗಳನ್ನು ನಾನೇ ಸಿದ್ಧಪಡಿಸಿದೆ. ಇಂಥ ಸಾವಿಗೆ ಕಾನೂನು ಹೇಗೆ ಲೆಕ್ಕ ಕಟ್ಟುತ್ತದೆ ಎಂಬುದನ್ನು ಓದುಗರೂ ತಿಳಿದಿರಲಿ. ಸರ್ವೋಚ್ಚ ನ್ಯಾಯಾಲಯದ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು ಈ ಲೆಕ್ಕಕ್ಕೆ ಆಧಾರ. ಸ್ವಂತ ದುಡಿಮೆಯಿಂದ ತಿಂಗಳಿಗೆ 15,000 ರೂಪಾಯಿ ಸಂಪಾದಿಸುತ್ತಿದ್ದ ಇಪ್ಪತ್ತನಾಲ್ಕರ ಅವಿವಾಹಿತನೊಬ್ಬ ತೀರಿಕೊಂಡನೆಂದುಕೊಳ್ಳಿ. ಮುಂದೆ ಏರಬಹುದಾಗಿದ್ದ ಆದಾಯಕ್ಕಾಗಿ ಶೇಕಡಾ 40ನ್ನು ಸೇರಿಸಿದರೆ 21,000 ಆಗುತ್ತದೆ. ಅವಿವಾಹಿತನಾದುದರಿಂದ ಅರ್ಧ ಭಾಗ ಅವನ ಸ್ವಂತ ಖರ್ಚಿಗೆ ಹೋಗುತ್ತಿತ್ತೆಂದು ಕಳೆಯುತ್ತಾರೆ; ಉಳಿಯುವುದು 10,500. ಅದನ್ನು ಹನ್ನೆರಡು ತಿಂಗಳಿಗೆ ಗುಣಿಸಿ, ಹದಿನೈದರಿಂದ ಇಪ್ಪತ್ತೈದರ ವಯೋಮಾನಕ್ಕೆ ಗೊತ್ತುಪಡಿಸಿದ 18ರಿಂದ ಮತ್ತೆ ಗುಣಿಸಿದರೆ 22,68,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ವೆಚ್ಚವೆಂದು ಒಂದು ಸಣ್ಣ ಮೊತ್ತ. ಮಗನ ಪ್ರೀತಿ, ಒಡನಾಟಗಳನ್ನು ತಂದೆತಾಯಿ ಕಳೆದುಕೊಂಡದ್ದಕ್ಕೂ ಪರಿಹಾರ ಕೊಡಬೇಕೆಂದು 2018ರ ಮ್ಯಾಗ್ಮಾ ಜನರಲ್ ಇನ್ಶೂರೆನ್ಸ್ ಪ್ರಕರಣದಲ್ಲಿ ನ್ಯಾಯಾಲಯ ಒಪ್ಪಿತು. ಅದರ ಮೂಲ ದರ ತಲಾ 40,000 ರೂಪಾಯಿ.

ಈ ಲೆಕ್ಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ. ಹಣದಿಂದ ಅಳೆಯಲಾಗದುದನ್ನೂ ಅಳೆಯಲು ನ್ಯಾಯಾಲಯ ಪ್ರಯತ್ನಿಸಿತೆಂಬುದೇ ದೊಡ್ಡ ಮಾತು. ಆದರೆ ಒಂದನ್ನು ಗಮನಿಸಬೇಕು. ಪರಿಹಾರದ ಕಾನೂನಾಗಲಿ, ಕ್ರೈಸ್ತರ ಆಸ್ತಿ ಹಂಚಿಕೆಯನ್ನು ನಿರ್ಣಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವಾಗಲಿ, ಉಯಿಲಿಲ್ಲದೆ ಸತ್ತವನ ವಾರಸುದಾರರ ಪಟ್ಟಿಯಲ್ಲಿ ಗೆಳೆಯನಿಗೆ ಸ್ಥಾನವನ್ನೇ ಕೊಟ್ಟಿಲ್ಲ. ಗೆಳೆಯನಿಗೆ ಹಕ್ಕಿಲ್ಲ, ಹಕ್ಕಿಲ್ಲದವನಿಗೆ ಹೊಣೆಯೂ ಇಲ್ಲ ಎಂಬುದು ಕಾನೂನಿನ ತರ್ಕ. ಕ್ರೈಸ್ತ ವಿಶ್ವಾಸ ಒಪ್ಪದಿರುವುದು ಈ ತರ್ಕವನ್ನೇ. ಅದರ ದೃಷ್ಟಿಯಲ್ಲಿ ಗೆಳೆಯನೂ ವಾರಸುದಾರನೇ. ಅವನ ಪಾಲಿಗೆ ಬರುವುದು ಆಸ್ತಿಯಲ್ಲ, ಸತ್ತವನು ಬಿಟ್ಟುಹೋದ ಮನುಷ್ಯರು.

ಕೆರೆಯ ಸಮೀಪದ ಸಮಾಧಿ

ಉದಕಮಂಡಲದ ಕೆರೆಯ ಸಮೀಪದಲ್ಲಿ ಸಂತ ತೋಮಸರ ಚರ್ಚು ಇದೆ. ಅದರ ಸಮಾಧಿಭೂಮಿಯಲ್ಲಿ ಎದ್ದು ಕಾಣುವ ಎತ್ತರದ ಕಂಬ ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಪ್ಯಾಟ್ರಿಕ್ ಆಡಂ ಅವರದು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, 1881ರ ಮೇ 24ರಂದು ಅವರು ಇಲ್ಲಿ ತೀರಿಕೊಂಡರು. ಚೇರಿಂಗ್ ಕ್ರಾಸಿನ ಆಡಂಸ್ ಫೌಂಟನ್ ಕೂಡ ಅವರ ನೆನಪಿನದೇ. ದಿನವೂ ಅದನ್ನು ಸುತ್ತಿ ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಮನುಷ್ಯ ಯಾರೆಂದು ಗೊತ್ತು? ಕಲ್ಲು ಎಷ್ಟೇ ಎತ್ತರವಿದ್ದರೂ ನೆನಪನ್ನು ತಾನೇ ಕಾಯಲಾರದು.

ಅದೇ ಸಮಾಧಿಭೂಮಿಯಲ್ಲಿ ಇನ್ನೊಬ್ಬ ಆಂಗ್ಲ ತರುಣ ಮಲಗಿದ್ದಾನೆ. ಜೊಸಾಯಾ ಜಾನ್ ಗುಡ್ವಿನ್ ಅವನ ಹೆಸರು. 1870ರ ಸೆಪ್ಟೆಂಬರ್ 20ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಗುಡ್ವಿನ್ ಶೀಘ್ರಲಿಪಿ ಬಲ್ಲವನು. 1895ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರ ಉಪನ್ಯಾಸಗಳನ್ನು ಬರೆದುಕೊಳ್ಳಲು ನೇಮಕವಾದ. ಬಂದದ್ದು ಕೂಲಿಗಾಗಿ, ಉಳಿದದ್ದು ಪ್ರೀತಿಗಾಗಿ. ಸ್ವಾಮಿಗಳು ಮುಂದೆ ಟಿಪ್ಪಣಿ ಇಟ್ಟುಕೊಂಡು ಮಾತನಾಡುತ್ತಿದ್ದವರಲ್ಲ. ಸಂಜೆಯ ಉಪನ್ಯಾಸವನ್ನು ಗುಡ್ವಿನ್ ಅಕ್ಷರಕ್ಕಿಳಿಸದಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಇಂದು ನಾವು ಕನ್ನಡದಲ್ಲಿಯೂ ಓದುವ ಕರ್ಮಯೋಗ, ಜ್ಞಾನಯೋಗ ಮೊದಲಾದ ಗ್ರಂಥಗಳು, ಕೊಲಂಬೊದಿಂದ ಅಲ್ಮೋರದವರೆಗಿನ ಉಪನ್ಯಾಸಗಳು ಉಳಿದುಬಂದುದರಲ್ಲಿ ಅವನ ಕೈಯ ಪಾಲು ದೊಡ್ಡದು. 1897ರಲ್ಲಿ ಅವನು ಸ್ವಾಮಿಗಳೊಡನೆ ಭಾರತಕ್ಕೆ ಬಂದ. ಆಮೇಲೆ ಮದ್ರಾಸಿನಲ್ಲಿ ನೆಲೆಸಿ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳರು ನಡೆಸುತ್ತಿದ್ದ ‘ಬ್ರಹ್ಮವಾದಿನ್’ ಪತ್ರಿಕೆಗೆ ನೆರವಾದ, ‘ಮದ್ರಾಸ್ ಮೇಲ್’ ಪತ್ರಿಕೆಯಲ್ಲಿ ದುಡಿದ. 1898ರ ಜೂನ್ 2ರಂದು ಉದಕಮಂಡಲದಲ್ಲಿ ವಿಷಮಶೀತಜ್ವರದಿಂದ ಅಸುನೀಗಿದ. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಸುದ್ದಿ ತಲುಪಿದಾಗ ವಿವೇಕಾನಂದರು ಹಿಮಾಲಯದ ಅಲ್ಮೋರದಲ್ಲಿದ್ದರು. ಸನ್ಯಾಸಿಯಾದವನು ಸಾವಿಗೆ ಅಳಬಾರದೆಂಬ ಮಾತು ಅವರಿಗೆ ಗೊತ್ತಿರದುದಲ್ಲ. ಆದರೂ ಆ ಸುದ್ದಿ ಅವರನ್ನು ಕಲಕಿಬಿಟ್ಟಿತು. ಅವರು ಗುಡ್ವಿನ್ನನ ನೆನಪಿಗೆ ಇಂಗ್ಲಿಷಿನಲ್ಲಿ ಒಂದು ಕವಿತೆ ಬರೆದರು. ಅದಕ್ಕೆ ಕೊಟ್ಟ ಹೆಸರು ಸಂಸ್ಕೃತದ್ದಲ್ಲ, ಕ್ರೈಸ್ತರ ಸಮಾಧಿಗಳ ಮೇಲೆ ಶತಮಾನಗಳಿಂದ ಕೆತ್ತುತ್ತ ಬಂದ ಲ್ಯಾಟಿನ್ ಪ್ರಾರ್ಥನೆ: ‘ರಿಕ್ವಿಯೆಸ್ಕಾಟ್ ಇನ್ ಪಾಚೆ’. ಶಾಂತಿಯಲ್ಲಿ ವಿಶ್ರಮಿಸಲಿ ಎಂದು ಅದರ ಅರ್ಥ. ಕವಿತೆಯನ್ನು ಅವರು ಕಳುಹಿಸಿದ್ದು ಇಂಗ್ಲೆಂಡಿನಲ್ಲಿದ್ದ ಗುಡ್ವಿನ್ನನ ತಾಯಿಗೆ.

ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದಾಗಿ, ಸ್ವಾಮಿಗಳು ತಮ್ಮ ದುಃಖವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಸತ್ತವನ ಮನೆಗೆ ತಲುಪಿಸಿದರು. ಎರಡನೆಯದಾಗಿ, ಮಗನನ್ನು ಕಳೆದುಕೊಂಡ ತಾಯಿ ಬಲ್ಲ ಮಾತಿನಲ್ಲಿ, ಅವಳ ವಿಶ್ವಾಸದ ಪದಗಳಲ್ಲಿ ಮಾತನಾಡಿದರು. ತಮ್ಮ ತತ್ತ್ವವನ್ನು ಅವಳಿಗೆ ಬೋಧಿಸುವ ಸಮಯ ಅದಲ್ಲವೆಂದು ಅವರಿಗೆ ಗೊತ್ತಿತ್ತು. ದುಃಖದಲ್ಲಿರುವವರು ನಮ್ಮ ಭಾಷೆಗೆ ಬರಬೇಕಾಗಿಲ್ಲ. ನಾವು ಅವರ ಭಾಷೆಗೆ ಹೋಗಬೇಕು. ಕ್ರೈಸ್ತರಲ್ಲದ ಗೆಳೆಯರೊಬ್ಬರು ಕ್ರೈಸ್ತರಿಗೇ ಕಲಿಸಿದ ಪಾಠವಿದು. ನೆರೆಹೊರೆಯ ಹಿಂದೂ ಮನೆಯಲ್ಲೋ ಮುಸಲ್ಮಾನರ ಮನೆಯಲ್ಲೋ ಹರೆಯದ ಸಾವಾದಾಗ ಇದು ನಮ್ಮ ನೆನಪಿನಲ್ಲಿರಬೇಕು.

ಕೇತಿಯಲ್ಲಿ ಅರ್ಧಕ್ಕೆ ನಿಂತ ಕೆಲಸ

ಉದಕಮಂಡಲದಿಂದ ಕೂನೂರಿನ ಕಡೆ ಇಳಿದರೆ ಸಿಗುವ ಕೇತಿ ಕಣಿವೆ ಎಲ್ಲರೂ ಬಲ್ಲ ಊರು. ಕನ್ನಡದ ಇತಿಹಾಸದಲ್ಲಿ ಈ ಕಣಿವೆಗಿರುವ ಸ್ಥಾನವನ್ನು ಮಾತ್ರ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಮದ್ರಾಸ್ ಆಡಳಿತದಲ್ಲಿ ನ್ಯಾಯಾಧೀಶರಾಗಿದ್ದ ಕಾಸಮೇಜರ್ ಎಂಬವರು ನಿವೃತ್ತಿಯ ಕಾಲವನ್ನು ಕಳೆಯಲು ಕೇತಿಗೆ ಬಂದು ನೆಲೆಸಿದರು. ಬಾಸೆಲ್ ಮಿಷನ್ನಿನವರು ನೀಲಗಿರಿಗೆ ಬರಲು, ಇಲ್ಲಿ ಬಡಗರ ನಡುವೆ ಶಾಲೆಗಳನ್ನು ತೆರೆಯಲು ಅವರೇ ಆಸರೆಯಾದರು. ಕನ್ನಡದ ಹಳೆಯ ಕಾವ್ಯಗಳು ತಾಳೆಗರಿಯಲ್ಲೇ ನಾಶವಾಗಬಾರದು, ಅಚ್ಚಾಗಬೇಕೆಂದು ಮಂಗಳೂರಿನಲ್ಲಿದ್ದ ಹರ್ಮನ್ ಮೊಗ್ಲಿಂಗರಿಗೆ ಹಣದ ನೆರವು ನೀಡಿದವರೂ ಅವರೇ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಮೊಗ್ಲಿಂಗರು ಇವರೇ. ಕಾಸಮೇಜರರ ನೆರವಿನಿಂದ 1848ರಲ್ಲಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಗ್ರಂಥಮಾಲೆ ಆರಂಭವಾಯಿತು. ಮರುವರ್ಷವೇ, 1849ರಲ್ಲಿ, ಕಾಸಮೇಜರರು ತೀರಿಕೊಂಡರು. ತಮ್ಮ ಆಸ್ತಿಯನ್ನು ಅವರು ಮಿಷನ್ನಿಗೆ ಬರೆದಿಟ್ಟಿದ್ದರು. ಗ್ರಂಥಮಾಲೆ ಅವರೊಡನೆ ಸಾಯಲಿಲ್ಲ. ಮೊಗ್ಲಿಂಗರು ಅದನ್ನು ಮುಂದುವರಿಸಿದರು; ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ಕ್ರೈಸ್ತ ನ್ಯಾಯಾಧೀಶರೊಬ್ಬರ ಹಣದಿಂದ ವೀರಶೈವರ ಪುರಾಣವೂ ವೈಷ್ಣವ ದಾಸರ ಹಾಡುಗಳೂ ಅಚ್ಚು ಕಂಡದ್ದು ಹೀಗೆ.

ಮೊಗ್ಲಿಂಗರಿಗೆ ಒಬ್ಬ ಜೀವದ ಗೆಳೆಯನಿದ್ದ. ಹೆಸರು ಗಾಟ್‌ಫ್ರೀಡ್ ವೈಗ್ಲೆ. 1816ರಲ್ಲಿ ಹುಟ್ಟಿದ ವೈಗ್ಲೆ ಮೊಗ್ಲಿಂಗರಿಗಿಂತ ಐದು ವರ್ಷ ಕಿರಿಯ, ಬಂಧುವೂ ಹೌದು. ಮೊಗ್ಲಿಂಗರು 1836ರಲ್ಲಿ ಇಂಡಿಯಾಕ್ಕೆ ಬಂದರೆ ವೈಗ್ಲೆ 1840ರಲ್ಲಿ ಬಂದು ಅವರನ್ನು ಕೂಡಿಕೊಂಡ. ಕನ್ನಡವನ್ನು ಆಳವಾಗಿ ಕಲಿತ. ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಪರಿಚಯಿಸುವ ದೀರ್ಘ ಲೇಖನವೊಂದನ್ನು 1848ರಲ್ಲಿ ಜರ್ಮನ್ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಸಿದ್ಧಪಡಿಸಿದ್ದ ಕನ್ನಡ ಬೈಬಲ್ ಅದಾಗಲೇ ಅಚ್ಚಾಗಿತ್ತು. ಆದರೆ ಅದರ ಕನ್ನಡ ಇನ್ನೂ ಹದಗೊಳ್ಳಬೇಕಿತ್ತು. ಆ ಪರಿಷ್ಕರಣೆಯ ಭಾರ ಹೊತ್ತವರಲ್ಲಿ ವೈಗ್ಲೆ ಮುಖ್ಯನು. ಮಂಗಳೂರಿನ ಸೆಕೆಗೆ ಆರೋಗ್ಯ ತಾಳದಿದ್ದಾಗ ಅವನು ಕೇತಿಯ ತಂಪಿಗೆ ಬಂದು, ಇಲ್ಲಿ ಕುಳಿತು ಆ ಕೆಲಸ ಮಾಡಿದ. ಒಂದೊಂದು ವಾಕ್ಯವನ್ನು ಮೂಲದೊಡನೆ ಹೋಲಿಸಿ, ಓದುವವನ ನಾಲಗೆಗೆ ಒಗ್ಗುವಂತೆ ತಿದ್ದುವುದು ಎಂಥ ತಾಳ್ಮೆಯ ಕೆಲಸವೆಂಬುದು, ದಸ್ತಾವೇಜುಗಳ ಒಂದೊಂದು ಪದಕ್ಕೂ ಕಾವಲು ಕೂರುವ ನಮ್ಮಂಥವರಿಗೆ ಸ್ವಲ್ಪ ಊಹೆಗೆ ನಿಲುಕೀತು.

1855ರ ಜೂನ್ ತಿಂಗಳಲ್ಲಿ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡ. ನಲವತ್ತು ತುಂಬಿರಲಿಲ್ಲ. ಪರಿಷ್ಕೃತ ಬೈಬಲ್ ಪೂರ್ಣವಾಗಿ ಹೊರಬಂದುದನ್ನು ಅವನು ನೋಡಲಿಲ್ಲ. ಅದು ಆದುದು 1860ರ ದಶಕದಲ್ಲಿ, ಉಳಿದವರ ಕೈಯಿಂದ. ಪತ್ನಿ ಪೌಲೀನಾ ಚಿಕ್ಕ ಮಕ್ಕಳೊಡನೆ ಪರದೇಶದಲ್ಲಿ ವಿಧವೆಯಾದಳು.

ಆಗ ಮೊಗ್ಲಿಂಗರು ಕೊಡಗಿನಲ್ಲಿದ್ದರು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಗೆಳೆಯನ ನೆನಪಿಗೆ ಅವರು ಒಂದು ಕಲ್ಲು ನಿಲ್ಲಿಸಿ, ನಾಲ್ಕು ಸಾಲು ಚರಮಲೇಖನ ಬರೆದು ಸುಮ್ಮನಾಗಬಹುದಿತ್ತು. ಅವರು ಪೌಲೀನಾಳನ್ನು ವಿವಾಹವಾದರು. ಗೆಳೆಯನ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಕನ್ನಡಕ್ಕೆ ಸಲ್ಲಿಸಿದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೀರ್ತಿ ಏರುತ್ತಿದ್ದ ಆ ಕಾಲದಲ್ಲೇ, 1860ರಲ್ಲಿ, ಪತ್ನಿಯ ಅನಾರೋಗ್ಯದ ಕಾರಣ ಅವರು ಇಂಡಿಯಾ ಬಿಟ್ಟು ಜರ್ಮನಿಗೆ ಮರಳಿದರು. ಇಪ್ಪತ್ತನಾಲ್ಕು ವರ್ಷ ಬೆವರು ಸುರಿಸಿದ ನೆಲವನ್ನು ಅವರು ಬಿಟ್ಟದ್ದು ಆ ಮನೆಯ ಯೋಗಕ್ಷೇಮಕ್ಕಾಗಿ. 1881ರಲ್ಲಿ ಅವರು ತೀರಿಕೊಂಡಾಗ ಗೆಳೆಯನ ಸರದಿ ಇನ್ನೊಬ್ಬರಿಗೆ ಬಂತು. ಮಲಯಾಳಂ ನಿಘಂಟುಕಾರರಾದ ಹರ್ಮನ್ ಗುಂಡರ್ಟರು ಮರುವರ್ಷವೇ ಮೊಗ್ಲಿಂಗರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಎಲ್ಲರೂ ಮೊಗ್ಲಿಂಗರಂತೆ ಮಾಡಬೇಕೆಂದಲ್ಲ. ಅವರ ಕಾಲ ಬೇರೆ, ಸಂದರ್ಭ ಬೇರೆ. ಆದರೆ ಅವರ ನಡೆಯ ತಿರುಳು ನಮಗೂ ಅನ್ವಯಿಸುತ್ತದೆ. ಸತ್ತ ಗೆಳೆಯನನ್ನು ನೆನೆಯುವುದೆಂದರೆ ಅವನು ಹೊತ್ತಿದ್ದ ಭಾರದ ಒಂದು ತುದಿಗೆ ಹೆಗಲು ಕೊಡುವುದು.

ಬೇಥಾನ್ಯದ ಮನೆ

ಈ ನಡೆಗೆ ಬೇರು ಎಲ್ಲಿದೆ ಎಂದು ಕೇಳಿದರೆ ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ತೆರೆಯಬೇಕು. ಯೆರೂಸಲೇಮಿಗೆ ಹತ್ತಿರದ ಬೇಥಾನ್ಯ ಎಂಬ ಊರಿನಲ್ಲಿ ಮಾರ್ಥ, ಮರಿಯ, ಅವರ ಸಹೋದರ ಲಾಜರ, ಈ ಮೂವರ ಮನೆ ಯೇಸುವಿಗೆ ಆಪ್ತವಾದ ಮನೆ. ಲಾಜರನು ಕಾಯಿಲೆ ಬಿದ್ದು ತೀರಿಕೊಂಡ. ಯೇಸು ಬಂದು ಮುಟ್ಟುವಾಗ ಅವನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿತ್ತು. ಅಕ್ಕತಂಗಿಯರು ಬೇರೆಬೇರೆಯಾಗಿ ಬಂದರೂ ಇಬ್ಬರ ಬಾಯಲ್ಲೂ ಒಂದೇ ದೂರು: ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಹರೆಯದವರನ್ನು ಕಳೆದುಕೊಂಡ ಪ್ರತಿ ಮನೆಯಲ್ಲೂ ಈ ದೂರು ಇರುತ್ತದೆ. ಕೆಲವರು ವೈದ್ಯರ ಮೇಲೆ, ಕೆಲವರು ರಸ್ತೆಯ ಮೇಲೆ, ಹಲವರು ದೇವರ ಮೇಲೆಯೇ ಹೇಳಿಕೊಳ್ಳುತ್ತಾರೆ. ಸುವಾರ್ತೆಯಲ್ಲಿ ಈ ದೂರಿಗೆ ಗದರಿಕೆ ಇಲ್ಲ. ದೇವರ ಮೇಲೆ ದೂರು ಹೇಳುವುದು ಅವಿಶ್ವಾಸವೆಂದು ನೊಂದವರ ಬಾಯಿ ಮುಚ್ಚಿಸುವವರು ಇದನ್ನು ಗಮನಿಸಬೇಕು.

ಯೇಸು ಮರಿಯಳ ಎದುರು ವಿವರಣೆಗೆ ತೊಡಗಲಿಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದನು, ಹೊರಟನು, ಅತ್ತನು. ಇನ್ನು ಕೆಲವೇ ಕ್ಷಣಗಳಲ್ಲಿ ಗೆಳೆಯನನ್ನು ಎಬ್ಬಿಸಲಿದ್ದವನೇ ಅತ್ತನೆಂಬುದು ಆಲೋಚಿಸತಕ್ಕ ಮಾತು. ಪುನರುತ್ಥಾನದ ನಿರೀಕ್ಷೆ ಇದ್ದವರು ಅಳಬಾರದೆಂಬ ಬೋಧನೆಗೆ ಇಲ್ಲಿ ಆಧಾರವೇ ಸಿಗುವುದಿಲ್ಲ. ಕಣ್ಣೀರು ನಿರೀಕ್ಷೆಯ ವಿರೋಧಿಯಲ್ಲ; ಪ್ರೀತಿಯ ಸಾಕ್ಷಿ.

ಇನ್ನೊಂದು ಸಂಗತಿಯನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಲಾಜರನನ್ನು ಕರೆದು ಎಬ್ಬಿಸಿದ್ದು ಯೇಸು. ಆದರೆ ಸಮಾಧಿಯ ಬಾಯಿಯ ಕಲ್ಲನ್ನು ಸರಿಸಿದವರು ಅಲ್ಲಿ ನೆರೆದಿದ್ದ ಜನ. ಕೈಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುವ ಕೆಲಸವನ್ನೂ ಅವರಿಗೇ ಹೇಳಲಾಯಿತು. ಮನುಷ್ಯರಿಂದ ಆಗದುದನ್ನು ದೇವರು ಮಾಡುವನೆಂಬುದು ವಿಶ್ವಾಸ. ಮನುಷ್ಯರಿಂದ ಆಗುವುದನ್ನು ನೆರೆಯವರೇ ಮಾಡಬೇಕೆಂಬುದೂ ಅದೇ ವಿಶ್ವಾಸದ ಇನ್ನೊಂದು ಮಗ್ಗುಲು. ಸತ್ತವರನ್ನು ಎಬ್ಬಿಸುವುದು ನಮ್ಮ ಕೈಲಿಲ್ಲ. ಮೌನದ ಕಲ್ಲನ್ನು ಸರಿಸುವುದು ನಮ್ಮ ಕೈಲಿದೆ.

ಅದೇ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸಾಯುತ್ತಿರುವವನು ಯೇಸುವೇ. ಶಿಲುಬೆಯ ಮೇಲಿಂದ ಅವನು ತನ್ನ ತಾಯಿಯನ್ನು ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದನು. ಅಂದಿನಿಂದ ಆ ಶಿಷ್ಯ ಅವಳನ್ನು ತನ್ನ ಮನೆಯಲ್ಲಿ ಇರಿಸಿಕೊಂಡ. ನಮ್ಮ ಕಾನೂನಿನ ಪ್ರಕಾರ ಬಾಯಿಮಾತಿನ ಉಯಿಲು ಯುದ್ಧದಲ್ಲಿರುವ ಸೈನಿಕ, ಸಮುದ್ರದಲ್ಲಿರುವ ನಾವಿಕ ಮೊದಲಾದವರಿಗೆ ಮಾತ್ರ ಸಲ್ಲುತ್ತದೆ. ಉಳಿದವರು ಬರೆದು, ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಶಿಲುಬೆಯ ಮೇಲಿನ ಆ ಬಾಯಿಮಾತಿನಲ್ಲಿ ಕೊಡಲು ಆಸ್ತಿಯೇ ಇರಲಿಲ್ಲ. ಬಟ್ಟೆಯನ್ನು ಕಾವಲುಗಾರರು ಆಗಲೇ ಹಂಚಿಕೊಂಡಿದ್ದರು. ಉಳಿದಿದ್ದವಳು ತಾಯಿ, ಅವಳನ್ನು ಗೆಳೆಯನ ಪಾಲಿಗೆ ಕೊಟ್ಟನು. ಗೆಳೆಯನೂ ವಾರಸುದಾರನೆಂದು ನಾನು ಮೊದಲೇ ಹೇಳಿದ ಮಾತಿಗೆ ಆಧಾರ ಇದು.

ಮಾಡಬಹುದಾದ ಕೆಲವು ಕೆಲಸಗಳು

ಬಡಗರ ಹಟ್ಟಿಯೊಂದರಲ್ಲಿ ಸಾವಾದರೆ ಸುತ್ತಲಿನ ಹಟ್ಟಿಗಳವರೆಲ್ಲ ಕೆಲಸ ಬಿಟ್ಟು ಬಂದು ಸೇರುವ ವಾಡಿಕೆ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಇದೆ. ಸಾವಿನ ದಿನ ನಮ್ಮ ಜನ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಕೊರತೆ ಕಾಣುವುದು ಮುಂದಿನ ತಿಂಗಳುಗಳಲ್ಲಿ. ಆದ್ದರಿಂದ ಮನೆಯ ಗೆಳೆಯರಾದವರಿಗೆ ಕೆಲವು ಮಾತು ಹೇಳಬೇಕೆನಿಸುತ್ತದೆ.

ಹೆಸರು ಹಿಡಿದು ಮಾತನಾಡಿ. ಅವನಿಗೆ ಇಷ್ಟವಾಗಿದ್ದ ತಿಂಡಿ, ಅವನು ಆಡುತ್ತಿದ್ದ ತಮಾಷೆ, ಅವನ ಮೊಂಡುತನ, ಎಲ್ಲವೂ ಮಾತಿಗೆ ಬರಲಿ. ಸತ್ತವರನ್ನು ದೇವದೂತರನ್ನಾಗಿ ಮಾಡಬೇಕಾಗಿಲ್ಲ. ತಾಯಿ ಕಳೆದುಕೊಂಡದ್ದು ದೇವದೂತನನ್ನಲ್ಲ, ಮಗನನ್ನು.

ದಿನಗಳನ್ನು ನೆನಪಿಟ್ಟುಕೊಳ್ಳಿ. ತೀರಿಕೊಂಡ ದಿನವನ್ನು ಎಲ್ಲರೂ ನೆನಪಿಡುತ್ತಾರೆ. ಹುಟ್ಟಿದ ದಿನವನ್ನು ತಾಯಿಯೊಬ್ಬಳೇ ನೆನೆದು ಅಡಿಗೆಮನೆಯಲ್ಲಿ ಅಳುತ್ತಾಳೆ. ಆ ದಿನ ಒಂದು ಫೋನ್ ಕರೆ ಮಾಡುವುದಕ್ಕೆ ಖರ್ಚೇನೂ ಇಲ್ಲ.

ಅವನು ನಿಲ್ಲಿಸಿಹೋದ ಕೆಲಸದಲ್ಲಿ ಏನಾದರೊಂದನ್ನು ಎತ್ತಿಕೊಳ್ಳಿ. ತಂಗಿಯ ಶಾಲೆಯ ಶುಲ್ಕವಿರಬಹುದು, ಅಜ್ಜಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದಿರಬಹುದು. ಮೇಲೆ ಹೇಳಿದ ಕುಟುಂಬದ ತಾಯಿ ಮಗ ಹೋದ ವರ್ಷದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದಾಗ ಮುಂಬಾಗಿಲು ಬರಿದಾಗಿರುವುದನ್ನು ಕಂಡು, “ಅವನ ಕೆಲಸ ನಿಲ್ಲಬಾರದು, ನಕ್ಷತ್ರ ಕಟ್ಟಿ” ಎಂದರು. ಏಣಿ ಹಿಡಿದವರು ಅವರೇ. ಈಗ ಅದನ್ನು ಕಟ್ಟುವುದು ನನ್ನ ಮಗನ ಪಾಲಿನ ಕೆಲಸ.

ಕಾಗದಪತ್ರಗಳಲ್ಲಿ ನೆರವಾಗಿ. ಮರಣ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ, ಬ್ಯಾಂಕಿನ ಖಾತೆ, ವಿಮೆ, ಅಪಘಾತವಾಗಿದ್ದರೆ ಪರಿಹಾರದ ಅರ್ಜಿ, ಇವುಗಳಲ್ಲಿ ಕೆಲವಕ್ಕೆ ಗಡುವುಗಳಿವೆ. ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುವ ನಮೂನೆಗಳನ್ನು ತುಂಬಲು ನಮ್ಮ ಕನ್ನಡ ಮನೆಗಳ ಹಿರಿಯರಿಗೆ ಕಷ್ಟವಾಗುತ್ತದೆ. ಓದಿದವರೊಬ್ಬರು ಜೊತೆಗೆ ಹೋಗಿ ಕುಳಿತರೆ ಅದೂ ಒಂದು ಪ್ರಾರ್ಥನೆಯೇ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ಅಣ್ಣ ದೂರದೂರಿಗೆ ಹೋಗಿದ್ದಾನೆಂದರೆ ಮಗು ಕಾಯುತ್ತದೆ. ನಿದ್ದೆ ಮಾಡುತ್ತಿದ್ದಾನೆಂದರೆ ಮಗುವಿಗೆ ನಿದ್ದೆಯೆಂದರೇ ಭಯವಾಗಬಹುದು. ದೇವರಿಗೆ ಇಷ್ಟವಾದುದರಿಂದ ಕರೆದುಕೊಂಡನೆಂದರೆ, ದೇವರಿಗೆ ಇಷ್ಟವಾಗುವುದೇ ಅಪಾಯವೆಂದು ಮಗು ತಿಳಿದೀತು. ತೀರಿಕೊಂಡ, ಇನ್ನು ಬರುವುದಿಲ್ಲ, ನಮಗೆಲ್ಲ ಬಹಳ ದುಃಖವಾಗಿದೆ, ಅವನು ದೇವರ ಕೈಯಲ್ಲಿದ್ದಾನೆಂದು ನಾವು ನಂಬುತ್ತೇವೆ: ಇಷ್ಟನ್ನು ಮಗು ತನ್ನ ಮನೆಮಾತಿನಲ್ಲಿ ಕೇಳಿದರೆ ಸಾಕು. ದುಃಖದ ಪದಗಳನ್ನೂ ಮಕ್ಕಳು ಕನ್ನಡದಲ್ಲಿ ಕಲಿಯಬೇಕು. ಪಠ್ಯಪುಸ್ತಕ ಆ ಪದಗಳನ್ನು ಕೊಡಲಾರದು, ಮನೆ ಕೊಡಬೇಕು.

ನವೆಂಬರ್ 2ರ ಸಕಲ ಮೃತರ ದಿನದಂದು ಕಥೋಲಿಕ ಕುಟುಂಬಗಳು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತವೆ. ಉಳಿದ ಸಭೆಗಳವರಿಗೂ ಈಸ್ಟರ್ ಮುಂಜಾನೆ ಅಂಥದೇ ಒಂದು ಹೊತ್ತು. ಸಮಾಧಿಗೆ ಹೋಗುವುದು ಒಳ್ಳೆಯದೇ. ಆದರೆ ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ ಮರಳಬೇಡಿ. ದಾರಿಯಲ್ಲಿ ಅವನ ಮನೆ ಸಿಗುತ್ತದೆ. ತಾಯಿ ಒಳಗಿರುತ್ತಾಳೆ. ಬಾಗಿಲು ತಟ್ಟಿ, ಕುಳಿತುಕೊಳ್ಳಿ, ಚಹಾ ಕೊಟ್ಟರೆ ಕುಡಿಯಿರಿ, ಅವನ ಹೆಸರು ಹೇಳಿ.